ಮೇಲಿನ ಮಣ್ಣು

ರಾಜಾನುಕುಂಟೆಯಾಚೆ ಲೇಔಟ್ ಆಗಲಿರುವ ಜಾಗದಡಿ ಹಳೇ ಕಾಲದ ಊರೊಂದು ಹೂತುಹೋಗಿದೆ ಎಂದು ಗೊತ್ತಾದಾಗ, ಅಗೆತದ ಕೂಲಿಗೆ ಎಲ್ಲರಿಗಿಂತ ಮೊದಲು ಬಂದು ನಿಂತವಳು ಮುನಿಕೆಂಪಮ್ಮ. ಮೊಮ್ಮಕ್ಕಳನ್ನು ಆಡಿಸಿಕೊಂಡಿರುವ ವಯಸ್ಸಿನಲ್ಲಿ ಮಣ್ಣು ಹೊರುವ ಹುಚ್ಚೇಕೆ ಎಂದು ಜನ ಆಡಿಕೊಂಡರು. ಆಡಿಕೊಳ್ಳುವವರಿಗೇನು, ನಾಲಗೆಗೆ ಮೂಳೆಯಿಲ್ಲ.

ಆ ಜಾಗದಲ್ಲೇ ಅವಳ ಮನೆ ಇತ್ತು. ಮದುವೆಯಾದ ಹೊಸತರಲ್ಲಿ ಹುಟ್ಟಿದ ಹೆಣ್ಣುಕೂಸು ಹೆಸರಿಡುವ ಮುಂಚೆಯೇ ತೀರಿಕೊಂಡಿತ್ತು. ಅತ್ತೆ ಅದನ್ನು ಮಡಕೆಯಲ್ಲಿಟ್ಟು ಹಿತ್ತಲ ಗೋಡೆಯ ಬುಡದಲ್ಲಿ ಹೂತಳು. ಆ ಮನೆತನದ ಪದ್ಧತಿ ಅದು. ಹತ್ತಿರವೇ ಇದ್ದರೆ ಕೂಸು ಮತ್ತೆ ಅದೇ ಹೊಟ್ಟೆಗೆ ಬರುತ್ತದಂತೆ. ತಾಯಿ ಮಾತ್ರ ನೋಡಬಾರದು, ಆ ಜಾಗದ ಸುದ್ದಿ ಎತ್ತಬಾರದು. ಮುನಿಕೆಂಪಮ್ಮ ಎತ್ತಲಿಲ್ಲ. ಆಮೇಲೆ ಗಂಡುಮಕ್ಕಳಾದರು, ಆ ಹೆಣ್ಣು ಬರಲಿಲ್ಲ. ಈಗ ಗಂಡುಮಕ್ಕಳು ಜಾಗ ಮಾರಿದ್ದಾರೆ. ಡಾಂಬರು ಬೀಳುವ ಮೊದಲು ಕೂಸನ್ನು ಎತ್ತಿ ಮಾವನ ಸಮಾಧಿಯ ಪಕ್ಕ ಮಲಗಿಸಬೇಕು, ಅಷ್ಟೇ ಅವಳ ಆಸೆ. ಅದನ್ನೂ ಬಾಯಿ ಬಿಟ್ಟು ಹೇಳಲಿಲ್ಲ.

ಅಗೆತದ ಮೇಲ್ವಿಚಾರಣೆ ಕೊಪ್ಪಳದ ಕಡೆಯಿಂದ ಬಂದು ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದಾಕ್ಷಾಯಣಿಯದು. ಬಂಗಾರ ಸಿಕ್ಕಿತೇ ಎಂದು ಇಣುಕುವವರಿಗೆ ಆಕೆ ಮಡಕೆ ಚೂರು, ಒಲೆಯ ಬೂದಿ, ಕಾಳು ಅರೆದ ಕಲ್ಲು ತೋರಿಸುತ್ತಿದ್ದಳು. "ಯಾರ ಮನ್ಯಾಗ ಏನು ಉಂಡ್ರು, ಹೆಂಗ ಬಾಳಿದ್ರು, ಎಲ್ಲಾ ಇದರಾಗ ಅದ ನೋಡ್ರಿ."

ಒಂದು ಮಧ್ಯಾಹ್ನ, ಆಳದ ಗುಂಡಿಯಲ್ಲಿ, ಕಲ್ಲಿನ ಗೋಡೆಯ ಬುಡದಲ್ಲಿ ಮಡಕೆಯೊಂದು ಕಂಡಿತು. ಬಾಯಿಗೆ ಬಟ್ಟಲು ಮುಚ್ಚಿತ್ತು. ತೆಗೆದರೆ ಒಳಗೆ ಎಳೆ ಮೂಳೆಗಳು. ಮುನಿಕೆಂಪಮ್ಮ ಮಣ್ಣು ತುಂಬಿದ ಮಂಕರಿ ಎಸೆದು ಗುಂಡಿಗಿಳಿದು ಮಡಕೆ ತಬ್ಬಿಕೊಂಡಳು.

"ಯಾರೂ ಮುಟ್ಬ್ಯಾಡಿ! ನನ್ ಕೂಸು ಕಣವ್ವ ಇದು!"

ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಅಲ್ಲೇ ಅಳುತ್ತಾ ಹೇಳಿದಳು. ದಾಕ್ಷಾಯಣಿ ಅವಳ ಪಕ್ಕ ಮಂಡಿಯೂರಿದಳು.

"ಅಮ್ಮಾರ, ಇದು ನಿಮ್ಮ ಕೂಸಲ್ರಿ. ಈ ಗೋಡಿ ಕಟ್ಟಿ ಎರಡು ಸಾವಿರ ವರ್ಷ ಆಗ್ಯಾವ. ಆವಾಗಿನ ಅವ್ವಂದಿರೂ ಹಿಂಗ ಮಾಡತಿದ್ರು."

"ಅಂಗಾರೆ ನನ್ದು? ಇನ್ನೂ ಕೆಳಕ್ಕೈತಾ?"

ದಾಕ್ಷಾಯಣಿಯ ಮುಖ ಕಪ್ಪಿಟ್ಟಿತು. ಹೂತದ್ದು ದಿನ ಕಳೆದಂತೆ ಆಳಕ್ಕಿಳಿಯುತ್ತದೆಂದು ಮುನಿಕೆಂಪಮ್ಮ ನಂಬಿದ್ದಳು. ಹಳೆಯದು ಕೆಳಗೆ, ಈಚಿನದು ಮೇಲೆ ಎಂದು ಅವಳಿಗೆ ಯಾರು ಹೇಳಿದ್ದರು? ಮೊದಲ ದಿನವೇ, ಈಚಿನ ಮಣ್ಣಿನಲ್ಲಿ ನೋಡುವಂಥದ್ದೇನೂ ಇಲ್ಲವೆಂದು, ದಾಕ್ಷಾಯಣಿಯೇ ನಿಂತು ಜೆಸಿಬಿಯಿಂದ ಮೇಲಿನ ಪದರ ಕೆರೆಸಿದ್ದಳು. ಮುನಿಕೆಂಪಮ್ಮ ಹೊಂಗೆ ನೆರಳಲ್ಲಿ ಕೂತು ಅದನ್ನು ನೋಡಿದ್ದಳು.

ಟಿಪ್ಪರ್ ಓಡಿಸುವ ಬೈರಣ್ಣನನ್ನು ಕರೆಸಿ ಕೇಳಿದರು.

"ಆ ಮಣ್ಣಾ? ಬಾಗಲಗುಂಟೆ ಕಡೆ ಸೈಟ್‌ಗಳಿಗೆ ಹೊಡುದ್ವಲ್ಲ. ಅದ್ರ ಮ್ಯಾಲೆ ಮನೆಗಳು ಎದ್ದವೆ ಕಣಮ್ಮ."

ಮುನಿಕೆಂಪಮ್ಮನ ಅಳು ಅಲ್ಲಿಗೇ ನಿಂತಿತು. ಮಡಕೆಯ ಮೈಯನ್ನು ಸೆರಗಿನಿಂದ ಒರೆಸಿದಳು. "ಇದುನ್ನಾದ್ರೂ ಕೊಡವ್ವ. ಎಲ್ಲಾದ್ರೂ ಮಣ್ಣಿಗಾಕ್ತೀನಿ."

"ಕೊಡಾಕ ಬರಂಗಿಲ್ರಿ, ಇದು ಸರ್ಕಾರದ್ದು" ಎಂದಳು ದಾಕ್ಷಾಯಣಿ. ಅವಳಿಗೂ ಅಳು ಬಂದಿತ್ತು. ಬಂದು ಏನು ಪ್ರಯೋಜನ?

ಸಂಜೆ ಮಡಕೆಗೆ ಹತ್ತಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಎತ್ತುವಾಗ ಒಂದು ಕಡೆಗೆ ಆಳು ಸಾಲಲಿಲ್ಲ. ಯಾರೂ ಕರೆಯದಿದ್ದರೂ ಮುನಿಕೆಂಪಮ್ಮ ಎದ್ದು ಬಂದು ಕೈ ಕೊಟ್ಟಳು. ಜೀಪಿನೊಳಗೆ ಇಡುವವರೆಗೂ ಬಿಡಲಿಲ್ಲ.