ರಹಮತ್ ಸಾಬರ ತೂಕ

ಹೊಸ ಕಾರು ಕಂಡರೆ ಜನ ಬಣ್ಣ ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ, ಮೈಲೇಜು ವಿಚಾರಿಸುತ್ತಾರೆ. ನಾನು ಮಾತ್ರ ಜೇಬಿನಿಂದ ಒಂದು ಬೆಂಕಿಕಡ್ಡಿ ತೆಗೆದು ಬಾಗಿಲ ಸಂದಿಗೆ ತೂರಿಸುತ್ತೇನೆ. ಬೀಡಿ ಸಿಗರೇಟು ಸೇದುವವನಲ್ಲ. ಕಡ್ಡಿ ಇಟ್ಟುಕೊಂಡಿರುವುದೇ ಇದಕ್ಕೆ. ಹೋದ ವಾರ ನಮ್ಮ ಮನೆ ಮುಂದೆ ದೊಡ್ಡದೊಂದು ಬಿಳಿ ಕಾರು ನಿಂತಾಗಲೂ, ಬಂದವರ ಮುಖ ನೋಡುವ ಮೊದಲೇ ಬಾಗಿಲ ಸಂದಿ ನೋಡಿದೆ. ಬಂದವರು ಯಾರೆಂದು ಆಮೇಲೆ ಹೇಳುತ್ತೇನೆ. ಮೊದಲು ಈ ಚಟ ಅಂಟಿದ್ದು ಹೇಗೆಂದು ಕೇಳಿ.

ಎಪ್ಪತ್ತರ ದಶಕದ ಕೊನೆಗೆ ನಾನು ತುಮಕೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನವಿಲು, ಕಮಲ ಬರೆಸುವ ಡ್ರಾಯಿಂಗ್ ಅಲ್ಲ, ಯಂತ್ರಗಳ ಡ್ರಾಯಿಂಗ್. ತೊಲೆಯ ನಡುವೆ ಭಾರ ಬಿದ್ದರೆ ಅದು ಹೇಗೆ ಬಾಗುತ್ತದೆ ಎಂದು ಪ್ರತಿ ವರ್ಷವೂ ಗಂಟಲು ಹರಿದುಕೊಂಡು ಪಾಠ ಹೇಳುತ್ತಿದ್ದೆ. ಹಾಗಿರುವಾಗ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಮೇಲ್ಗಡೆ ಟಾಪೇ ಇಲ್ಲದ ಸ್ಪೋರ್ಟ್ಸ್ ಕಾರಿನ ಚಿತ್ರ ನೋಡಿದೆ, ತಲೆ ಕೆಟ್ಟಿತು. ಕೊಳ್ಳುವ ತಾಕತ್ತು ಇರಲಿಲ್ಲ, ಮಾಡಿಕೊಳ್ಳುವ ತಾಕತ್ತು ಇದೆ ಎಂಬ ಭ್ರಮೆ ಇತ್ತು. ಕುಣಿಗಲ್ಲಿನ ವಯಸ್ಸಾದ ಡಾಕ್ಟರೊಬ್ಬರ ಹಳೇ ಕಾರನ್ನು ಕೊಂಡು, ಅದರ ಟಾಪು ಹಾರಿಸಿ, ಮೂಗು ಚೂಪು ಮಾಡಿದ ನಕ್ಷೆಯೊಂದನ್ನು ಹದಿನೈದು ದಿನ ಕೂತು ಬರೆದೆ. ಸುರುಳಿ ಸುತ್ತಿಕೊಂಡು ಶಿರಾ ಗೇಟಿಗೆ ಹೋದೆ.

ಅಲ್ಲಿ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದವರು ರಹಮತ್ ಸಾಬರು. ಮೂರು ಆಳಿನ ತೂಕದ ಒಂದು ಆಳು. ಅಳತೆಗೆ ಅವರ ಬಳಿ ಇದ್ದದ್ದು ಬೆಂಕಿಕಡ್ಡಿ: ಬಾಗಿಲ ಸಂದಿಯಲ್ಲಿ ಮೇಲೂ ಕೆಳಗೂ ಒಂದೊಂದೇ ಕಡ್ಡಿ ಸಲೀಸಾಗಿ ಆಡಬೇಕು, ಆಗಲೇ ಗಾಡಿ ನೆಟ್ಟಗಿದೆ ಎಂದರ್ಥ. ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಚಿತ್ರ ಭಾರಿ ಚೆನ್ನಾಗದೆ ಮೇಷ್ಟ್ರೇ. ಆದ್ರೆ ಇದ್ರಲ್ಲಿ ಜನ ಎಲ್ಲವ್ರೆ?"

"ಕಾರಿನ ಡ್ರಾಯಿಂಗಲ್ಲಿ ಜನಾನ ಬರೆಯಲ್ಲ ಸಾಬ್ರೇ."

"ಬರೀಬೇಕಾಗಿತ್ತು. ಟಾಪು ಕುಯ್ದ್ರೆ ಗಾಡಿ ಸೊಂಟ ಮುರ್ದಂಗೆ. ಅಡೀಗೆ ಎಲ್ಡು ಕಬ್ಬಿಣದ ಚಾನಲ್ ಹಾಕ್ಬುಡಾಣ."

ನಾನು ಒಪ್ಪಲಿಲ್ಲ. ಸ್ಪೋರ್ಟ್ಸ್ ಕಾರು ಎಂದರೆ ಹಗುರ ಇರಬೇಕು, ಲಾರಿಯ ಅಡಿಗೆ ಹಾಕುವ ಕಬ್ಬಿಣದ ತೊಲೆಯಂಥ ಚಾನಲ್ ಹೊತ್ತರೆ ಅದರ ಮಾನ ಹೋಗುತ್ತದೆ ಎಂದು ದೊಡ್ಡ ಭಾಷಣ ಮಾಡಿದೆ. ಓದಿದವನ ಮಾತು ಎಂದು ಅವರು ಸುಮ್ಮನಾದರು. ಕೂಲಿ ಎಷ್ಟೆಂದರೆ, "ಕೂಲಿ ಬುಡಿ. ನಮ್ ನೂರ್ ಮದ್ವೆ ಅದೆ. ಅಳಿಯ ಗುಬ್ಬಿಯಿಂದ ಇದ್ರಲ್ಲೇ ಬರ್ಬೇಕು" ಎಂದರು. ನೂರ್ ಅವರ ಒಬ್ಬಳೇ ಮಗಳು. ಮರುದಿನಕ್ಕೆ ಆ ಸುದ್ದಿ ಶಿರಾ ಗೇಟಿಗೆಲ್ಲ ಗೊತ್ತಾಗಿ, ಗುಬ್ಬಿಗೂ ತಲುಪಿತ್ತು.

ಟಾಪು ಹೋಯಿತು. ಖಾಲಿ ಕಾರಿನಲ್ಲಿ ನಾನೊಬ್ಬನೇ ಕೂಲಿಂಗ್ ಗ್ಲಾಸು ಹಾಕಿಕೊಂಡು ಪಕ್ಕದ ಕೋರ ಹಳ್ಳಿಯವರೆಗೆ ಹೋಗಿ ಬಂದೆ. ತಲೆಗೂದಲು ಹಾರುತ್ತಿದ್ದ ಕಾಲ ಅದು. ಈಗ ಹಾರಲು ಏನೂ ಉಳಿದಿಲ್ಲ. "ಏನ್ ಮೇಷ್ಟ್ರೇ, ಗಾಳಿಗೆ ಸೂರು ಕಿತ್ಕೊಂಡೋಯ್ತಾ?" ಎಂದು ಒಬ್ಬರು ಕೇಳಿದರು. ಇನ್ನೊಂದು ದಿನ ದೇವರಾಯನದುರ್ಗದ ಬೆಟ್ಟಕ್ಕೆ ಹೋದಾಗ ಒಂದು ಕೋತಿ ನೇರವಾಗಿ ಬಂದು ಪಕ್ಕದ ಸೀಟಿನಲ್ಲಿ ಕೂತಿತು; ಇಳಿಸಲು ಒಂದು ಚಿಪ್ಪು ಬಾಳೆಹಣ್ಣು ಬೇಕಾಯಿತು. ಕೋತಿಯ ತೂಕಕ್ಕೆ ಕಾರು ಬಾಗಲಿಲ್ಲ. ನನ್ನ ಲೆಕ್ಕ ಸರಿಯೆಂದು ಬೀಗಿದೆ.

ಮದುವೆಗೆ ಎರಡು ದಿನ ಇರುವಾಗ ಸಾಬರು ಹಿಂದಿನ ಸೀಟಿನಲ್ಲಿ ಕೂತರು. ಕಾರಿನ ಸೊಂಟ ಕುಸಿಯಿತು. ಬಾಗಿಲ ಸಂದಿಯ ಮೇಲ್ಭಾಗ ಮುಚ್ಚಿಕೊಂಡು, ಅಲ್ಲಿದ್ದ ಕಡ್ಡಿ ಪಟ್ಟೆಂದು ಮುರಿಯಿತು. ಬಾಗಿಲು ಎಳೆದರೂ ಇಲ್ಲ, ಒದ್ದರೂ ಇಲ್ಲ. ಸಾಬರನ್ನು ನಾಲ್ವರು ಸೇರಿ ಮೇಲಿನಿಂದಲೇ ಎತ್ತಿ ಇಳಿಸಬೇಕಾಯಿತು. ದಿನಾ ಬೋರ್ಡಿನ ಮೇಲೆ ಬಗ್ಗಿಸುತ್ತಿದ್ದ ತೊಲೆ ನನ್ನ ಕಣ್ಣೆದುರೇ ಬಗ್ಗಿತ್ತು. ನಾಚಿಕೆಯಿಂದ ಸತ್ತುಹೋದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು: ಅವರ ಮನೆತನದಲ್ಲಿ ಮದುಮಗನ ಗಾಡಿಯ ಬಾಗಿಲನ್ನು ಹೆಣ್ಣಿನ ತಂದೆಯೇ ತನ್ನ ಕೈಯಾರೆ ತೆರೆಯಬೇಕು. ತೆರೆಯದೆ ಹೋದರೆ ಗಂಡಿನ ಕಡೆಯವರಿಗೆ ಅವಮಾನ ಮಾಡಿದಂತೆ.

ಸಾಬರು ಬೈಯಲಿಲ್ಲ. ಲಾರಿಗೆಂದು ತಂದಿಟ್ಟಿದ್ದ ಎರಡು ಚಾನಲ್ ತರಿಸಿ, ತಾವು ಹಿಂದಿನ ಸೀಟಿನಲ್ಲಿ ರಾಜನಂತೆ ಕೂತು, ಅಡಿಯಿಂದ ಜಾಕ್ ಕೊಟ್ಟು ಎತ್ತಿಸಿ, ಕಡ್ಡಿ ಮೇಲೂ ಕೆಳಗೂ ಸಲೀಸಾಗಿ ಆಡುವಂತೆ ಮಾಡಿ ವೆಲ್ಡಿಂಗ್ ಮಾಡಿಸಿದರು. ಬಾಗಿಲು ಬೆಣ್ಣೆಯಂತೆ ತೆರೆದು ಮುಚ್ಚಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಇಳಿದ ಮೇಲೆ ಒಮ್ಮೆ ನೋಡಬೇಕೆಂದು ಈ ಮೇಷ್ಟ್ರಿಗೆ ಹೊಳೆಯಲಿಲ್ಲ. ಮೊದಲ ಸಲ ಜನರನ್ನೇ ಮರೆತಿದ್ದೆ, ಎರಡನೇ ಸಲ ಒಬ್ಬರನ್ನು ಬಿಟ್ಟು ಬೇರೆಯವರನ್ನು ಮರೆತೆ.

ಮದುವೆಯ ದಿನ ಗುಬ್ಬಿಗೆ ಸಾಬರೂ ಜೊತೆಗೆ ಬಂದರು. ಮದುಮಗ ಕಡ್ಡಿಯಂಥ ಹುಡುಗ. ಅವನ ಪಕ್ಕದಲ್ಲಿ ಸಾಬರು ಕೂತು ತುಮಕೂರಿನವರೆಗೆ ಬಂದದ್ದಾಯಿತು. ಊರಂಚಿನಲ್ಲಿ ಅವರು ಇಳಿದರು. ಅಡ್ಡದಾರಿಯಲ್ಲಿ ಮುಂದೆ ಹೋಗಿ ಶಾದಿಮಹಲಿನ ಗೇಟಿನಲ್ಲಿ ಹಾರ ಹಿಡಿದು ನಿಲ್ಲಬೇಕಿತ್ತಲ್ಲ. ನಾನು ಗಾಡಿ ಬಿಟ್ಟೆ. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಬಾಗಿಲು ತಾನಾಗಿ ತೆರೆದುಕೊಂಡು, ಮದುಮಗ ಮುಖದ ಮೇಲೆ ಇಳಿಬಿಟ್ಟ ಹೂವಿನ ಸೆಹ್ರಾ ಸಮೇತ ಅರ್ಧ ಹೊರಗೆ ಜೋತುಬಿದ್ದ. ಸಾಬರ ತೂಕ ಹೋಗುತ್ತಲೇ ಕಾರಿನ ಸೊಂಟ ಮೇಲಕ್ಕೆದ್ದು, ಬಾಗಿಲು ಚಿಲಕದಿಂದ ಜಾರಿತ್ತು. ಮುಚ್ಚಿದೆ, ಮತ್ತೆ ತೆರೆಯಿತು. ಹಗ್ಗದಲ್ಲಿ ಕಟ್ಟೋಣವೆಂದರೆ ಮುಂದಿನ ಸೀಟಿನಲ್ಲಿದ್ದ ಮದುಮಗನ ಚಿಕ್ಕಪ್ಪ ಕಣ್ಣು ಕೆಂಪಗೆ ಮಾಡಿದರು.

"ಏನ್ಮಾಡಾಣ ಸಾಬ್ರೇ?" ಅಡ್ಡದಾರಿ ಹಿಡಿಯುತ್ತಿದ್ದವರನ್ನು ಕೂಗಿ ಕರೆದೆ.

ಅವರು ವಾಪಸು ಬಂದು ಕಾರನ್ನು ನೋಡಿದರು, ಅಳಿಯನನ್ನು ನೋಡಿದರು. ಮತ್ತೆ ಹತ್ತಿ ಕೂತರು. "ನಡೀರಿ."

ಹೆಣ್ಣಿನ ತಂದೆ ಗಂಡಿನ ಮೆರವಣಿಗೆಯಲ್ಲಿ ಗಂಡಿನ ಪಕ್ಕದಲ್ಲೇ ಕೂತು ಬಂದದ್ದನ್ನು ತುಮಕೂರು ಅದಕ್ಕೆ ಮೊದಲು ಕಂಡಿರಲಿಲ್ಲ. ಗೇಟಿನಲ್ಲಿ ಹಿರಿಯರೆಲ್ಲ ಬಾಯಿ ತೆರೆದು ನಿಂತರು. "ಬಾಗ್ಲು ಯಾರು ತೆಗೀತಾರೆ?" ಎಂದು ಚಿಕ್ಕಪ್ಪ ಕೇಳಿಯೇಬಿಟ್ಟರು. ಸಾಬರು ಕೂತಲ್ಲಿಂದಲೇ ಅಳಿಯನ ಎದುರು ಉದ್ದನೆಯ ಕೈ ಚಾಚಿ, ಒಳಗಿನಿಂದ ಹಿಡಿ ತಿರುಗಿಸಿದರು. ಬಾಗಿಲು ಬೆಣ್ಣೆಯಂತೆ ತೆರೆಯಿತು.

"ಹೊರಗಡೆಯಿಂದ್ಲೇ ತೆಗೀಬೇಕು ಅಂತ ಎಲ್ಲೂ ಬರ್ದಿಲ್ಲ. ನನ್ ಮಗ್ಳ ಗಂಡ, ಜೊತೇಲೇ ಕರ್ಕೊಂಡ್ ಬಂದಿವ್ನಿ."

ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಹೋದ ಜೀವ ಬಂದಂತಾಯಿತು.

ಆ ಕಾರು ಎಂಬತ್ತರ ದಶಕದುದ್ದಕ್ಕೂ ಓಡಿತು, ಹಿಂದಿನ ಸೀಟಿನಲ್ಲಿ ಎರಡು ಮೂಟೆ ಮರಳು ಹೊತ್ತುಕೊಂಡು. ಮೂಟೆಗಳನ್ನು ನಾವು ಸಾಬರ ಹೆಸರಿನಿಂದಲೇ ಕರೆಯುತ್ತಿದ್ದೆವು, ಅವರೂ ನಗುತ್ತಿದ್ದರು. ಸಾಬರು ಹೋಗಿ ಈಗ ಬಹಳ ವರ್ಷವಾಯಿತು. ಅವರ ನೆನಪಾದರೆ ಇವತ್ತಿಗೂ ಎದೆ ಭಾರವಾಗುತ್ತದೆ.

ಹೋದ ವಾರ ಬಿಳಿ ಕಾರಿನಲ್ಲಿ ಬಂದವಳು ನೂರ್. ಜೊತೆಗೆ ಅವಳ ಗಂಡ. ಕಡ್ಡಿಯಂತಿದ್ದ ಹುಡುಗ ಈಗ ಮಾವನನ್ನೇ ಮೀರಿಸಿದ್ದಾನೆ. ಮಗಳ ಮದುವೆಯ ಕಾಗದ ಕೊಟ್ಟು ನೂರ್ ಹೇಳಿದಳು:

"ನಮ್ ಅಳಿಯನ ಜೊತೆ ಕಾರಲ್ಲಿ ನಮ್ ಅಬ್ಬಾ ಕೂರ್ಬೇಕಾಗಿತ್ತು. ಅವ್ರಿಲ್ಲ. ನೀವು ಕೂರ್ಬೇಕು ಮೇಷ್ಟ್ರೇ."

"ನನ್ ತೂಕ ಎಲ್ಲಿ ಸಾಲ್ತದಮ್ಮ!"

"ಈ ಕಾರಿಗೆ ಟಾಪ್ ಅದೆ, ತೂಕ ಬ್ಯಾಡ. ಒಳಗಡೆ ನಮ್ ಜನ ಇರ್ಬೇಕು, ಅಷ್ಟೇ."

ಬಾಗಿಲ ಸಂದಿಯಲ್ಲಿದ್ದ ಕಡ್ಡಿ ತೆಗೆದು ಜೇಬಿಗೆ ಹಾಕಿಕೊಂಡೆ. ಮದುವೆ ಬರುವ ತಿಂಗಳು. ಅವಳು ಏನೇ ಹೇಳಲಿ, ಅಂದಿನಿಂದ ಎರಡು ಹೊತ್ತೂ ಅನ್ನಕ್ಕೆ ಒಂದು ಚಮಚ ತುಪ್ಪ ಜಾಸ್ತಿಯೇ ಹಾಕಿಸಿಕೊಳ್ಳುತ್ತಿದ್ದೇನೆ.