ಸುಗುಣಕ್ಕನ ಟೆನಿಸ್ ಭವಿಷ್ಯ

ಕೋಲ್ಕತ್ತದ ಕಸ್ಬಾದಲ್ಲಿ ಉಡುಪಿ ಊಟದ ಕೇಟರಿಂಗ್ ನಡೆಸುವ ಸುಗುಣಕ್ಕನಿಗೆ ಟೆನಿಸ್ಸಿನ ಗಂಧಗಾಳಿಯಿಲ್ಲ; ಆದರೂ ರಾಷ್ಟ್ರೀಯ ಜೂನಿಯರ್ ಪಂದ್ಯಾವಳಿಯ ಕ್ಯಾಂಟೀನು ಅವರ ಕೈಗೆ ಬಂದಾಗಿನಿಂದ ಯಾರು ಗೆಲ್ಲುತ್ತಾರೆಂದು ಇಡ್ಲಿ ಬಡಿಸುತ್ತಲೇ ಹೇಳಿಬಿಡುತ್ತಾರೆ. ಪ್ರಾಯೋಜಕ ಸಾಫ್ಟ್‌ವೇರ್ ಕಂಪನಿಯವರು ಲ್ಯಾಪ್‌ಟಾಪಿನಲ್ಲಿ ರ‍್ಯಾಂಕಿಂಗ್ ಪಾಯಿಂಟು ಗುಣಿಸುತ್ತಿದ್ದರೆ ಇವರು ತಟ್ಟೆ ನೋಡುತ್ತಾರೆ. “ನಾಲ್ಕನೇ ಇಡ್ಲಿಗೂ ಚಟ್ನಿ ಕೇಳಿದ, ಇವನಿಗೆ ಸೆಮಿಫೈನಲ್ ಉಂಟು. ಆ ಮೊಸರನ್ನ ಕೆದಕುವವ ನಾಳೆಯೇ ರೈಲು ಹತ್ತುದು.” ಇದು ಎರಡು ಸಲ ನಿಜವಾದದ್ದೇ ತಡ, ಅಪ್ಪಂದಿರು ಮಕ್ಕಳ ಬಾಯಿಗೆ ಇಡ್ಲಿ ತುರುಕತೊಡಗಿದರು; ಒಬ್ಬ ಹುಡುಗ ಕೋರ್ಟಿನಲ್ಲೇ ವಾಂತಿ ಮಾಡಿಕೊಂಡ. “ಸಾಂಬಾರಿನ ತಪ್ಪಲ್ಲ” ಎಂದಷ್ಟೇ ಸುಗುಣಕ್ಕ ಹೇಳಿದರು. ಮೊನ್ನೆ ಡಮ್ ಡಮ್‌ನ ರೈಲ್ವೆ ಗುಮಾಸ್ತರ ಮಗಳು ಶ್ರಾವ್ಯಾ ಮೊದಲ ಸುತ್ತಿನಲ್ಲೇ ಸೋತು, ಊಟ ಮುಟ್ಟದೆ ಕೂತಿದ್ದಳು. “ಒಂದು ರ‍್ಯಾಂಕಿಂಗ್ ಪಾಯಿಂಟೂ ಬರಲಿಲ್ಲ. ರ‍್ಯಾಕೆಟ್ ಮೂಲೆಗಿಟ್ಟು ಓದ್ಕೋ” ಎಂದು ಅಪ್ಪ ಎದ್ದುಹೋದರು. ಸುಗುಣಕ್ಕ ಸೌಟು ಕೆಳಗಿಟ್ಟು ಅವಳ ಪಕ್ಕ ಕೂತರು. “ನಿನ್ನನ್ನು ಸೋಲಿಸಿದವಳು ಈಗಷ್ಟೇ ಬಂದು ನಿನ್ನ ಹೆಸರು ಕೇಳಿದ್ಳು ಮಗಾ. ಮುಂದಿನ ಸಲ ಸಿಕ್ಕಿದ್ರೆ ಎಂತ ಮಾಡುದು ಅಂತ ಹೆದರಿಕೆ ಅವಳಿಗೆ.” “ಸಚ್, ಆಂಟಿ?” ಎಂದ ಹುಡುಗಿ ಕಣ್ಣೊರೆಸಿಕೊಂಡು ರ‍್ಯಾಕೆಟ್ಟನ್ನು ಮಡಿಲಿಗೆಳೆದುಕೊಂಡಳು. ಗೆದ್ದ ಹುಡುಗಿ ಅಂದು ಕ್ಯಾಂಟೀನಿನತ್ತ ಸುಳಿದೇ ಇರಲಿಲ್ಲ.