ಒಬ್ಬಳ ಹಿಂದೆ ಮೂವತ್ತೈದು ಮಂದಿ

ಹುಮನಾಬಾದಿನ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಮನೆ ಬಸವಕಲ್ಯಾಣದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ನಮ್ಮ ಶಾಲೆಯ ಬ್ಯಾಂಡಿಗೂ ನನಗೂ ಬಹಳ ವರ್ಷ ಇದ್ದ ಸಂಬಂಧವೆಂದರೆ, ಅವರು ಡ್ರಮ್ ಬಾರಿಸತೊಡಗಿದ ಕೂಡಲೇ ನಾನು ತರಗತಿಯ ಕಿಟಕಿ ಹಾಕುತ್ತಿದ್ದೆ, ಅಷ್ಟೇ.

ಎರಡು ವರ್ಷದ ಹಿಂದೆ ಶಾಲಾ ಬ್ಯಾಂಡುಗಳ ಸ್ಪರ್ಧೆ ಬಸವಕಲ್ಯಾಣದಲ್ಲಿ ನಡೆಯುತ್ತದೆ ಎಂದು ಗೊತ್ತಾಯಿತು. ನೇರ ನಡೆದು ಬಾರಿಸಿದರೆ ಸಾಲದು, ಬಾರಿಸುತ್ತಲೇ ಮೈದಾನದಲ್ಲಿ ಆಕಾರಗಳನ್ನೂ ಕಟ್ಟಬೇಕು ಎಂಬುದು ನಿಯಮ. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, "ಆಕಾರ ಅಂದ್ರ ಚಿತ್ರ ಅಲ್ಲೇನ್ರಿ? ನೀವೇ ಬರ್ದು ಕೊಡ್ರಿ" ಎಂದರು. ನನಗೂ ಹುರುಪು ಬಂತು. ಗ್ರಾಫ್ ಪುಸ್ತಕ ತಂದು, ಒಂದೊಂದು ಹುಡುಗಿಗೆ ಒಂದೊಂದು ಚುಕ್ಕೆಯಂತೆ ಮೂವತ್ತಾರು ಚುಕ್ಕೆಗಳಲ್ಲಿ ಆರು ಚಿತ್ರ ಬರೆದೆ. ಕಮಲ, ನಕ್ಷತ್ರ, ಕೋಟೆಯ ಬಾಗಿಲು, ನವಿಲು, ಹಣತೆ, ಕೊನೆಗೆ ಕರ್ನಾಟಕದ ನಕಾಶೆ. ಬಣ್ಣ ಕೂಡ ತುಂಬಿದೆ.

ಬ್ಯಾಂಡ್ ಕಲಿಸಲು ಬರುತ್ತಿದ್ದವರು ಸೈನ್ಯದ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿ ನಿವೃತ್ತರಾದವರು. ಅವರ ಮನೆಯೂ ಬಸವಕಲ್ಯಾಣದಲ್ಲೇ, ಹಳೇ ಊರಿನ ಒಂದು ಗಲ್ಲಿಯಲ್ಲಿ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರು ನನ್ನ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿದರು. 

"ಮೇಡಂ, ಚಿತ್ರ ಬಹಳ ಛಲೋ ಅದಾವ್ರಿ. ಎರಡೇ ಸವಾಲ್ ಅವ. ಈ ಕಮಲದಿಂದ ಆ ನಕ್ಷತ್ರಕ್ಕ ಹುಡಿಗ್ಯಾರು ಹ್ಯಾಂಗ ಹೋಗ್ತಾರ?"

"ನಡಕೋತ ಹೋಗ್ತಾರ್ರಿ" ಎಂದೆ.

"ಅವರು ನಡಿಯೋತನಕ ಮಂದಿ ಏನ್ ನೋಡಬೇಕು?"

ನಾನು ಪುಸ್ತಕ ಈಸಿಕೊಂಡು ಮತ್ತೆ ಕಮಲದ ಹಾಳೆ ತೆರೆದೆ. ಎರಡನೆಯ ಸವಾಲನ್ನು ಅವರು ಇನ್ನೂ ಮೆತ್ತಗೆ ಕೇಳಿದರು. "ಇವೆಲ್ಲಾ ಮ್ಯಾಲಿಂದ ನೋಡೋ ಚಿತ್ರ. ಮಂದಿ ಕುರ್ಚಿ ಮ್ಯಾಲ ಕುಂತಿರ್ತಾರ. ಮ್ಯಾಲಿಂದ ನೋಡೋರು ಯಾರ್ರಿ, ಹದ್ದೇನು?"

ಆದರೂ ಮುಖ್ಯೋಪಾಧ್ಯಾಯಿನಿಗೆ ನಕಾಶೆ ಬಹಳ ಹಿಡಿಸಿಬಿಟ್ಟಿತ್ತು. ಒಂದು ವಾರ ನನ್ನ ಚಿತ್ರಗಳಂತೆಯೇ ಅಭ್ಯಾಸ ನಡೆಯಿತು. ವಾರದ ಕೊನೆಗೆ ನಾನು ಎರಡನೇ ಮಹಡಿಯ ಮೇಲಿನ ಗಚ್ಚಿಗೆ ಹತ್ತಿ ನೋಡಿದೆ. ಕಮಲ ಕಮಲದಂತೆಯೇ ಕಂಡಿತು. ಆಮೇಲೆ ನಕ್ಷತ್ರಕ್ಕೆ ಹೊರಟರು ನೋಡಿ, ಮೂವತ್ತಾರೂ ಮಂದಿ ತಮ್ಮ ಜಾಗ ಹುಡುಕಿಕೊಂಡು ದಿಕ್ಕಾಪಾಲಾದರು. ಸೀಟು ಹಿಡಿಯಲು ಬಸ್ಸಿನ ಕಡೆ ನುಗ್ಗುವ ಮಂದಿಯೇ ನೆನಪಾಯಿತು. ಕೊಳಲಿನವಳೊಬ್ಬಳು ದೊಡ್ಡ ಡ್ರಮ್ಮಿಗೆ ಡಿಕ್ಕಿ ಹೊಡೆದು ಕೂತುಬಿಟ್ಟಳು. ವರಾಂಡದಲ್ಲಿ ನಿಂತಿದ್ದ ಸಹೋದ್ಯೋಗಿಗಳು ನಕ್ಕರು. ಕೆಳಗಿಳಿದು ಹೋಗಿ ನೆಲದ ಮೇಲಿಂದ ನೋಡಿದರೆ ನನ್ನ ನವಿಲು, ಹಣತೆ, ನಕಾಶೆ ಮೂರೂ ಒಂದೇ ಥರದ ಗುಂಪು. ಅಭ್ಯಾಸ ಮುಗಿದ ಮೇಲೆ ದಿನಾ ಕುಡಿಯುತ್ತಿದ್ದ ಚಹಾವನ್ನು ಆ ದಿನ ನಾನು ಉಸ್ತಾದರ ಜೊತೆ ಕುಡಿಯಲಿಲ್ಲ. ಸಿಟ್ಟು ಅವರ ಮೇಲಲ್ಲ, ಆದರೆ ಮುಖ ತೋರಿಸಲು ಆಗಲಿಲ್ಲ.

ಭಾನುವಾರ ಅವರೇ ಫೋನ್ ಮಾಡಿ ಮನೆಗೆ ಕರೆದರು. ನಾನು ಹೋದಾಗ ಅವರ ಹೆಂಡತಿ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಉಸ್ತಾದರು ಒಂದು ಮುಷ್ಟಿ ಬೀಜ ತೆಗೆದುಕೊಂಡು ಚಾಪೆಯ ಮೇಲೆ ಆರಾರರಂತೆ ಆರು ಸಾಲು ಇಟ್ಟರು. ಆಮೇಲೆ ನನ್ನನ್ನು ನೆಲಕ್ಕೆ ಬಾಗಿ, ಕಣ್ಣನ್ನು ಚಾಪೆಯ ಮಟ್ಟಕ್ಕೆ ತರಲು ಹೇಳಿದರು. ಮುಖ್ಯೋಪಾಧ್ಯಾಯಿನಿ ನೋಡಿದ್ದರೆ ಏನೆನ್ನುತ್ತಿದ್ದರೋ, ನಾನು ಗಲ್ಲವನ್ನು ಚಾಪೆಗೆ ಹಚ್ಚಿ ಮಲಗಿದೆ.

"ಈಗ ಎಷ್ಟು ಕಾಣಸ್ತಾವ?"

"ಆರು" ಎಂದೆ. ಹಿಂದಿನವೆಲ್ಲ ಮುಂದಿನವುಗಳ ಮರೆಯಲ್ಲಿದ್ದವು.

ಅವರು ಬೀಜಗಳನ್ನು ಒಂದರ ಹಿಂದೊಂದು ಸರಿಸುತ್ತ ಹೋದರು. ಆರು ಇದ್ದದ್ದು ನಾಲ್ಕಾಯಿತು, ಎರಡಾಯಿತು, ಒಂದೇ ಉಳಿಯಿತು. ಮೂವತ್ತೈದು ಬೀಜ ಆ ಒಂದರ ಹಿಂದೆ ಅಡಗಿದ್ದವು. ಆಮೇಲೆ ಎರಡೂ ಕೈ ಬೆರಳಿಂದ ಹಿಂದಿನವನ್ನು ಎಡಕ್ಕೊಂದು ಬಲಕ್ಕೊಂದು ಎಳೆಯತೊಡಗಿದರು. ಒಂದೊಂದೇ ಬೀಜ ಹೊರಗೆ ಬಂತು. ನನ್ನ ಕಣ್ಣೆದುರು ಚಾಪೆಯ ಅಂಚಿನಿಂದ ಅಂಚಿಗೆ ಒಂದು ರೆಕ್ಕೆ ಬಿಚ್ಚಿಕೊಂಡಿತು. ನಾನು ಮಲಗಿದ್ದಲ್ಲೇ ಇದ್ದೆ. ಎದ್ದು ಕೂರಬೇಕೆಂಬುದೇ ಮರೆತುಹೋಗಿತ್ತು. ಹುಣಸೆಬೀಜ ನೋಡಿ ಮೈ ಜುಮ್ಮೆನ್ನುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

"ಯಾರು ಹೊರಗ ಕಾಣಸ್ತಾರ, ಅವರು ಅವಾಗೇ ಬಾರಸಾಕ ಚಾಲೂ ಮಾಡ್ಬೇಕು" ಎಂದರು ಉಸ್ತಾದ್. "ಅವಾಗ ಕಣ್ಣಿಗಿ ಕಂಡದ್ದೇ ಕಿವೀಗಿ ಕೇಳ್ತದ. ಎರಡೂ ಬ್ಯಾರೆ ಬ್ಯಾರೆ ಇರಬಾರದು."

ಅಂದು ಸಂಜೆಯವರೆಗೆ ಅವರ ಮನೆಯಲ್ಲಿದ್ದೆ. ದೂರ ಹೋಗಬೇಕಾದವಳು ದೊಡ್ಡ ಹೆಜ್ಜೆ ಹಾಕಬೇಕು, ಹತ್ತಿರದವಳು ನಿಂತಲ್ಲೇ ಕಾಲು ಆಡಿಸುತ್ತ ಕಾಯಬೇಕು, ಆದರೆ ಎಲ್ಲರೂ ಹದಿನಾರನೆಯ ಎಣಿಕೆಗೆ ತಲುಪಬೇಕು. ದೊಡ್ಡ ಡ್ರಮ್ ಹೊತ್ತವಳನ್ನು ದೂರ ಓಡಿಸಬಾರದು. ಕೊಳಲಿನವರ ಬೆನ್ನು ಕೇಳುಗರ ಕಡೆ ತಿರುಗಿದರೆ ರಾಗ ಸತ್ತಂತೆ. ಇಷ್ಟೆಲ್ಲ ಅವರ ತಲೆಯಲ್ಲಿತ್ತು, ಒಂದು ಸಾಲೂ ಬರೆದಿಟ್ಟಿರಲಿಲ್ಲ. ಅವರ ಹೆಂಡತಿ ನಡುನಡುವೆ ಬೀಜ ವಾಪಸ್ ಕೇಳುತ್ತಿದ್ದರು.

ಮರುದಿನ ಅವರು ನನ್ನನ್ನು ಸಾಲಿನೊಳಗೇ ನಿಲ್ಲಿಸಿದರು. ಒಬ್ಬ ಹುಡುಗಿಯ ಜಾಗದಲ್ಲಿ, ಸೀರೆಯ ಸೆರಗು ಸಿಕ್ಕಿಸಿಕೊಂಡು, ನಾನೂ ಎಂಟೆಂಟು ಎಣಿಸುತ್ತ ನಡೆದೆ. ಒಳಗಿಂದ ಏನೂ ಕಾಣುವುದಿಲ್ಲ ಎಂಬುದು ಆಗ ತಿಳಿಯಿತು. ಕಂಡದ್ದು ಮುಂದಿನವಳ ಜಡೆ, ಬಲಗಡೆಯವಳ ಭುಜ, ನೆಲದ ಮೇಲಿನ ಸುಣ್ಣದ ಗುರುತು, ಇಷ್ಟೇ. ಈ ಮಕ್ಕಳು ತಾವೆಂದೂ ನೋಡಲಾಗದ ಒಂದು ವಸ್ತುವನ್ನು ಪಕ್ಕದವಳ ಭುಜವನ್ನಷ್ಟೇ ನಂಬಿ ಕಟ್ಟುತ್ತಿದ್ದಾರೆ. ಅಂದಿನಿಂದ ನಾನು ಕಿಟಕಿ ಹಾಕಲಿಲ್ಲ.

ಗ್ರಾಫ್ ಪುಸ್ತಕದಲ್ಲಿ ಈಗ ಚಿತ್ರ ಬರೆಯುವುದು ಬಿಟ್ಟು ದಾರಿ ಬರೆದೆ. ಮೂವತ್ತಾರು ಮಂದಿಗೆ ಮೂವತ್ತಾರು ದಾರಿ, ಎಲ್ಲೂ ಡಿಕ್ಕಿಯಾಗದಂತೆ. ಇದರಲ್ಲಿ ನನ್ನದೆಂದು ಹೇಳಿಕೊಳ್ಳುವಂಥದ್ದು ಒಂದೇ. ರೆಕ್ಕೆ ಬಿಚ್ಚಿದ ಮೇಲೆ ಎರಡೂ ಕಡೆಯವರು ಇನ್ನೂ ಹಿಂದೆ ಸರಿದು ಮೈದಾನದ ಅಂಚಿಗೆ ಹೋಗಲಿ, ನಡುವೆ ಯಾರೂ ಬೇಡ, ಎಂಟು ಎಣಿಕೆ ಸದ್ದೂ ಬೇಡ ಎಂದೆ. ಚಿತ್ರ ಬರೆಯುವವರಿಗೆ ಖಾಲಿ ಹಾಳೆಯ ಬೆಲೆ ಗೊತ್ತಿರುತ್ತದೆ. ಮುಖ್ಯೋಪಾಧ್ಯಾಯಿನಿ ಗಾಬರಿಯಾಗಿ, "ಮಂದಿ ಮುಗೀತು ಅಂತ ಎದ್ದು ಹೋಗ್ತಾರಲ್ರಿ" ಎಂದರು. ಉಸ್ತಾದ್ ಮೈದಾನದ ಕಡೆ ನೋಡಿ, "ಹೋಗಂಗಿಲ್ರಿ. ಇದು ನನಗ ಹೊಳೆದಿರಲಿಲ್ಲ" ಎಂದರು. ನಕಾಶೆಯನ್ನು ಅಲ್ಲಿಗೇ ಕೈಬಿಟ್ಟೆವು.

ಸ್ಪರ್ಧೆಯ ದಿನ ಬೆಳಿಗ್ಗೆ ನಾನು ಅಭ್ಯಾಸದಂತೆ ಎತ್ತರದ ಜಾಗ ಹುಡುಕುತ್ತಿದ್ದೆ. ಉಸ್ತಾದ್ ತಡೆದು, ಶಾಮಿಯಾನದ ಕೆಳಗೆ ಮಂದಿಯ ನಡುವೆ ಒಂದು ಕುರ್ಚಿ ತೋರಿಸಿದರು. "ಇಲ್ಲಿ ಕೂಡ್ರಿ. ನೀವಿನ್ನೂ ಇದನ್ನ ನೋಡೇ ಇಲ್ಲ" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಹೊಸ ಅಭ್ಯಾಸ ಶುರುವಾದ ಮೇಲೂ ನಾನು ಸಾಲಿನೊಳಗೆ ಇದ್ದೆ, ಇಲ್ಲವೇ ಗಚ್ಚಿಯ ಮೇಲೆ ಪುಸ್ತಕ ಹಿಡಿದು ತಪ್ಪು ಹುಡುಕುತ್ತಿದ್ದೆ.

ನಮ್ಮ ಹುಡುಗಿಯರು ಚೌಕವಾಗಿ ಬಂದರು. ಬಾರಿಸುತ್ತಲೇ ಒಬ್ಬರ ನಡುವೆ ಒಬ್ಬರು ಹಾದು, ಮರೆಯಾದವರು ವಾದ್ಯ ನಿಲ್ಲಿಸುತ್ತ, ಕರಗುತ್ತ ಕರಗುತ್ತ ಒಂದೇ ಸಾಲಾದರು. ಎಲ್ಲಕ್ಕೂ ಮುಂದೆ ಮನ್ನಾಏಖೇಳ್ಳಿ ಊರಿನ ಎತ್ತರದ ಹುಡುಗಿ, ಹೊಟ್ಟೆಯ ಮೇಲೆ ದೊಡ್ಡ ಡ್ರಮ್. ನನ್ನ ಕುರ್ಚಿಯಿಂದ ಅವಳೊಬ್ಬಳೇ ಕಂಡಳು. ಅಷ್ಟು ದೊಡ್ಡ ಮೈದಾನದಲ್ಲಿ ಒಬ್ಬಳೇ ಹುಡುಗಿ, ಒಂದೇ ಡ್ರಮ್ಮಿನ ಸದ್ದು. ಯಾರು ಎಲ್ಲಿದ್ದಾರೆ ಎಂದು ಬರೆದವಳು ನಾನು. ಆದರೂ ಒಂದು ಕ್ಷಣ ಉಳಿದವರು ಎಲ್ಲಿ ಹೋದರು ಎನಿಸಿತು. ಪಕ್ಕದಲ್ಲಿದ್ದ ಪೇಟದ ಅಜ್ಜ ಕೂಡ ಕುತ್ತಿಗೆ ಉದ್ದ ಮಾಡಿ ಹುಡುಕಿದರು.

ಆಮೇಲೆ ಅವಳ ಎಡಭುಜದಿಂದ ಒಂದು ಸೈಡ್ ಡ್ರಮ್ ಹೊರಬಂತು, ಬಲಭುಜದಿಂದ ಇನ್ನೊಂದು. ಸದ್ದು ಎರಡು ಪಟ್ಟಾಯಿತು. ಮತ್ತೊಂದು, ಮತ್ತೊಂದು, ಝಾಂಜಿನ ತಾಳ, ಕೊಳಲು. ಬಿಳಿ ಅಂಗಿಯ ರೆಕ್ಕೆ ಮೈದಾನದ ಉದ್ದಕ್ಕೂ ಬಿಚ್ಚಿಕೊಳ್ಳುತ್ತ ಹೋದಂತೆ ಆ ನಾದ ಎದೆಗೆ ಬಂದು ತಾಗುತ್ತಿತ್ತು. ಕಣ್ಣು ಎಲ್ಲಿ ನೋಡಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಒಂದು ಹೆಜ್ಜೆಯೂ ವ್ಯರ್ಥವಿರಲಿಲ್ಲ. ಚಿತ್ರ ಎಲ್ಲಿ ಮುಗಿದು ನಡಿಗೆ ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸಲು ನನಗೇ ಬರಲಿಲ್ಲ.

ನಂತರ ಎಲ್ಲರೂ ಅಂಚಿಗೆ ಸರಿದು ನಿಂತರು. ಎಂಟು ಎಣಿಕೆ. ನಡುವೆ ಬರೀ ಕೆಂಪು ಮಣ್ಣು. ಅಷ್ಟು ಮಂದಿಯಲ್ಲಿ ಯಾರೂ ಕೆಮ್ಮಲಿಲ್ಲ. ಎಲ್ಲೋ ಒಂದು ಕೂಸು "ಮುಗೀತೇನ?" ಎಂದು ಕೇಳಿದ್ದು ಇಡೀ ಶಾಮಿಯಾನಕ್ಕೆ ಕೇಳಿಸಿತು. ಒಂಬತ್ತನೆಯ ಎಣಿಕೆಗೆ ಮೂವತ್ತಾರೂ ಮಂದಿ ಒಟ್ಟಿಗೆ ಬಾರಿಸಿ ಒಳಗೆ ನುಗ್ಗಿದಾಗ ಪೇಟದ ಅಜ್ಜ ನನ್ನ ಕುರ್ಚಿಯ ಕೈ ಹಿಡಿದುಕೊಂಡರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ದುಃಖದ್ದೂ ಅಲ್ಲ, ಸಂತೋಷದ್ದೂ ಅಲ್ಲ. ಮನುಷ್ಯರು ಕೂಡಿ ಇಂಥದ್ದನ್ನು ಮಾಡಬಲ್ಲರೇ ಎಂಬ ಬೆರಗಿನದು.

ನಮಗೆ ಎರಡನೇ ಸ್ಥಾನ ಬಂತು. ಗೆದ್ದ ಶಾಲೆಯ ಬಗ್ಗೆ ಉಸ್ತಾದರಿಗೆ ತಕರಾರು ಇರಲಿಲ್ಲ. "ಹೆಜ್ಜಿ ಹಾಕೋದ್ರಾಗ ಅವರ ಕದಂ ನಮ್ಮಕ್ಕಿಂತ ಸಾಫ್ ಇತ್ತು" ಎಂದು ಹೇಳಿ ಮನೆಯ ದಾರಿ ಹಿಡಿದರು.

ಹುಡುಗಿಯರನ್ನು ಊರು ಮುಟ್ಟಿಸಲು ನಾನು ಹುಮನಾಬಾದಿನವರೆಗೆ ಅವರ ಬಸ್ಸಿನಲ್ಲೇ ಹೋದೆ. ಯಾರೋ ತೆಗೆದಿದ್ದ ವಿಡಿಯೊ ಫೋನಿನಿಂದ ಫೋನಿಗೆ ಹೋಯಿತು. ತೆಗೆದವರು ಮುಖಗಳನ್ನೇ ಹತ್ತಿರ ಎಳೆದುಕೊಂಡಿದ್ದರಿಂದ ರೆಕ್ಕೆ ಅದರಲ್ಲಿ ಬಂದಿರಲಿಲ್ಲ. ಎತ್ತರದ ಹುಡುಗಿ ನನ್ನ ಸೀಟಿನ ಹತ್ತಿರ ಬಂದು ಕಂಬಿ ಹಿಡಿದು ನಿಂತಳು.

"ಟೀಚರ್, ನಮಗ ಏನೂ ಕಾಣಸಲಿಲ್ರಿ. ಹ್ಯಾಂಗ ಇತ್ತು, ನೀವಾರ ಹೇಳ್ರಿ."

ಹೇಳಲು ಶುರು ಮಾಡಿದೆ. ಸುತ್ತ ಒಬ್ಬೊಬ್ಬರೇ ಸೇರಿದರು. ರೆಕ್ಕೆ ಬಿಚ್ಚಿದ ಜಾಗಕ್ಕೆ ಬಂದಾಗ ಕೊಳಲಿನವಳೊಬ್ಬಳು, "ಅದರಾಗ ನಾ ಎಲ್ಲಿದ್ದೆ ರೀ?" ಎಂದಳು. ಎಡಗಡೆ ತುದಿಯಿಂದ ಮೂರನೆಯವಳು, ನೀನು ಹೊರಬಂದಾಗಲೇ ರಾಗ ಮೇಲೇರಿದ್ದು ಎಂದೆ. ಅವಳು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು. "ಮತ್ತ ನಾನು?" ಎಂದು ಇನ್ನೊಬ್ಬಳು ಕೇಳಿದಳು. ಊರು ಮುಟ್ಟುವವರೆಗೆ ಒಬ್ಬೊಬ್ಬಳಿಗೂ ಅವಳ ಜಾಗ ಹೇಳುತ್ತ ಹೋದೆ.